ಬಿನ್ ಮಹಮೂದ್‌ನಲ್ಲಿ ಬೂಟಿಗೊಂದು ಫ್ಯಾನು

ಗಣೇಶನ ಹಬ್ಬಕ್ಕೋ ಯುಗಾದಿಗೋ ನಮ್ಮ ಮನೆಗೆ ಮೊದಲ ಸಲ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ. "ಇದೇನ್ರೀ ಇದು, ಬೂಟಿಗೆ ಫ್ಯಾನ್ ಹಾಕಿದ್ದೀರಿ?" ಹಾಲ್‌ನ ಮೂಲೆಯಲ್ಲಿ ನೆಲದ ಮೇಲೊಂದು ಟೇಬಲ್ ಫ್ಯಾನು, ಅದರೆದುರು ನಾಲಿಗೆ ಹೊರಗೆ ಚಾಚಿ ಮಗ್ಗುಲಾಗಿ ಮಲಗಿದ ನನ್ನ ಸೇಫ್ಟಿ ಬೂಟುಗಳು. ನನ್ನವಳ ಉತ್ತರವೂ ಸಿದ್ಧವಾಗಿರುತ್ತದೆ. "ಏನ್ ಮಾಡೋದು ಹೇಳಿ, ನಮ್ಮನೇಲಿ ಯಜಮಾನರಿಗಿಂತ ಅವರ ಬೂಟಿಗೇ ಉಪಚಾರ ಜಾಸ್ತಿ." ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಅಷ್ಟರಲ್ಲಿ ಪಾಯಸ ಬರುತ್ತದೆ, ಮಾತು ಬೇರೆ ಕಡೆ ಹೊರಳುತ್ತದೆ. ಪಾಯಸದ ನಡುವೆ ಹೇಳಲಾಗದೆ ಉಳಿದ ಆ ಫ್ಯಾನಿನ ಕಥೆಯನ್ನು ಈ ಸಲ ಸ್ಮರಣ ಸಂಚಿಕೆಯಲ್ಲಿ ಹೇಳಿಬಿಡೋಣ ಅನ್ನಿಸಿತು.

ನಾನು ದೋಹಾಕ್ಕೆ ಬಂದದ್ದು 2006ರ ಜುಲೈನಲ್ಲಿ. ಡಿಸೆಂಬರಿನಲ್ಲಿ ಏಷ್ಯನ್ ಗೇಮ್ಸ್ ನಡೆಯುವುದಿತ್ತು. ಊರಿನಲ್ಲಿ ಎಲ್ಲಿ ನೋಡಿದರೂ ಅಗೆತ, ಎಲ್ಲಿ ನೋಡಿದರೂ ಕ್ರೇನು. ಸಿವಿಲ್ ಎಂಜಿನಿಯರಿಗೆ ಇದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿರಲಿಲ್ಲ. ವಾಸಕ್ಕೆ ಸಿಕ್ಕಿದ್ದು ಫರೀಜ್ ಬಿನ್ ಮಹಮೂದ್‌ನ ಹಳೆಯ ಕಟ್ಟಡವೊಂದರ ಎರಡನೇ ಮಹಡಿ. ಒಂದು ಫ್ಲ್ಯಾಟ್, ನಾಲ್ಕು ಮಂದಿ ಬ್ರಹ್ಮಚಾರಿಗಳು. 'ಫರೀಜ್' ಎಂದರೆ ನಮ್ಮ 'ಕೇರಿ' ಇದ್ದ ಹಾಗೆ, ಮತ್ತು ಬಿನ್ ಮಹಮೂದ್ ನಿಜಕ್ಕೂ ಒಂದು ಕೇರಿಯೇ. ಕೆಳಗೆ ಗ್ರೋಸರಿ, ಅದರ ಪಕ್ಕದಲ್ಲಿ ಕಡಕ್ ಚಹಾದ ಕೆಫೆಟೇರಿಯಾ, ಆಚೆ ಲಾಂಡ್ರಿ, ಕ್ಷೌರದಂಗಡಿ. ಕಟ್ಟಡಗಳ ನಡುವಿನ ಖಾಲಿ ಮರಳು ನಿವೇಶನಗಳಲ್ಲಿ ಕಾರು ನಿಲ್ಲಿಸಲು ಜಗಳ. ಟ್ಯಾಕ್ಸಿಯವನಿಗೆ "ರಮಾಡಾ ಸಿಗ್ನಲ್ ಹತ್ತಿರ" ಅಂದರೆ ಸಾಕು, ವಿಳಾಸ ಬೇಕಿರಲಿಲ್ಲ. ಈಗ ಆ ಹೋಟೆಲಿನ ಹೆಸರೇ ಬದಲಾಗಿದೆ. 2019ರ ನವೆಂಬರಿನಲ್ಲಿ ಮೆಟ್ರೋದ ಗೋಲ್ಡ್ ಲೈನ್ ಬಂದ ಮೇಲೆ ನಮ್ಮ ಕೇರಿಯ ಹೆಸರಿನದೇ ಒಂದು ಸ್ಟೇಷನ್ನೂ ಆಗಿದೆ. ಆದರೂ ನಮ್ಮಂಥ ಹಳಬರ ಬಾಯಲ್ಲಿ ಅದಿನ್ನೂ ರಮಾಡಾ ಸಿಗ್ನಲ್ಲೇ.

ನಾನು ಹುಟ್ಟಿ ಬೆಳೆದದ್ದು ಆಗುಂಬೆ ಸೀಮೆಯಲ್ಲಿ. ಅಲ್ಲಿ ವರ್ಷಕ್ಕೆ ಸರಾಸರಿ ಏಳೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಮಳೆ. ದೋಹಾದಲ್ಲಿ ಎಪ್ಪತ್ತೈದರ ಆಸುಪಾಸು. ಲೆಕ್ಕ ಹಾಕಿ ನೋಡಿ, ನೂರಕ್ಕೆ ಒಂದು ಪಾಲು! ಹೊರಡುವಾಗ ಅಮ್ಮನಿಗೆ ನಾನು ಹೇಳಿದ್ದ ದೊಡ್ಡ ಸಮಾಧಾನವೂ ಅದೇ ಆಗಿತ್ತು. "ಇನ್ನು ಬಟ್ಟೆ ಒಣಗಲಿಲ್ಲ, ಬೂಷ್ಟು ಹಿಡೀತು ಅನ್ನೋ ರಗಳೆ ಇಲ್ಲಮ್ಮ. ಮರುಭೂಮಿ ಅದು."

ಆ ಮಾತು ಒಂದು ತಿಂಗಳೂ ಬಾಳಲಿಲ್ಲ.

ನನಗೆ ಸಿಕ್ಕಿದ್ದು ಸಮುದ್ರಕ್ಕೆ ಹತ್ತಿರದ ಸೈಟು. ಕಟ್ಟಡದ ನೆಲಮಾಳಿಗೆಗೆ ಹೊಂಡ ತೋಡುವ ಕೆಲಸ. ಮೇಲೆ ಒಂದು ಹನಿ ನೀರಿಲ್ಲದ ಊರಿನಲ್ಲಿ ನೆಲದಡಿಗೆ ನಾಲ್ಕಾರು ಮೀಟರ್ ಹೋದರೆ ನೀರೇ ನೀರು, ಅದೂ ಉಪ್ಪುನೀರು. ಹಗಲೂ ರಾತ್ರಿ ಪಂಪು ಹಾಕಿ ಎತ್ತುತ್ತಿದ್ದರೂ ತಳದಲ್ಲಿ ಕೆಸರು ನಿಂತೇ ಇರುತ್ತಿತ್ತು. ಬೆಳಗಿನ ಐದಕ್ಕೆ ಹೊಂಡಕ್ಕೆ ಇಳಿದರೆ ಆರಕ್ಕೆಲ್ಲ ಬೂಟು ಹೊರಗಿನಿಂದ ಒದ್ದೆ. ಬಿಸಿಲೇರಿದಂತೆ ಒಳಗಿನಿಂದಲೂ ಒದ್ದೆ. ನಮ್ಮ ಎರಡು ಪಾದಗಳಲ್ಲಿ ಸುಮಾರು ಎರಡೂವರೆ ಲಕ್ಷ ಬೆವರಿನ ಗ್ರಂಥಿಗಳಿವೆಯಂತೆ. ಆಗಸ್ಟ್ ತಿಂಗಳಲ್ಲಿ ಅವು ಒಂದೂ ರಜೆ ಹಾಕುವುದಿಲ್ಲ. ಸಂಜೆ ಬೂಟು ಬಿಚ್ಚಿ ಓರೆ ಮಾಡಿದರೆ ನೀರು ಸುರಿಯುತ್ತಿತ್ತು.

ಮೊದಲ ದಿನ ಅದನ್ನು ಬಾಲ್ಕನಿಯಲ್ಲಿಟ್ಟು ಮಲಗಿದೆ. ರಾತ್ರಿಯಲ್ಲೂ ಮೂವತ್ತೈದು ಡಿಗ್ರಿ ಸೆಕೆ, ಒಣಗದೆ ಏನಾಗುತ್ತದೆ ಎಂಬ ಧೈರ್ಯ. ಬೆಳಗ್ಗೆ ನಾಲ್ಕಕ್ಕೆ ಎದ್ದು ಕಾಲು ತೂರಿಸಿದರೆ ತಣ್ಣಗೆ ಪಚಪಚ. ರಾತ್ರಿ ಇಟ್ಟಾಗ ಇದ್ದುದಕ್ಕಿಂತ ಒಂದು ತೊಲವೂ ಕಡಿಮೆಯಾಗಿರಲಿಲ್ಲ.

ಇಲ್ಲಿ ಬೇಸಿಗೆ ಕಳೆದವರಿಗೆ ಈ ಗುಟ್ಟು ಗೊತ್ತು. ಜೂನ್, ಜುಲೈನಲ್ಲಿ ವಾಯವ್ಯದಿಂದ ಶಮಾಲ್ ಬೀಸುವಷ್ಟು ದಿನ ಧೂಳು ಬಂದರೂ ಗಾಳಿ ಒಣ. ಆಗಸ್ಟ್ ಹೊತ್ತಿಗೆ ಅದು ಅಡಗಿ ಸಮುದ್ರದ ಕಡೆಯ ಗಾಳಿ ತಿರುಗಿಕೊಂಡಿತೋ, ಮುಗಿಯಿತು. ಮನೆಯಿಂದ ಹೊರಗೆ ಕಾಲಿಟ್ಟ ಕ್ಷಣ ಕನ್ನಡಕದ ಮೇಲೆ ಮಂಜು ಕವಿಯುತ್ತದೆ. ಬಿನ್ ಮಹಮೂದ್‌ನ ಓಣಿಗಳಲ್ಲಿ ನಡೆಯುವಾಗ ತಲೆಯ ಮೇಲೆ ತಟಕ್ ಎಂದು ಹನಿ ಬೀಳುತ್ತದೆ. ಅದು ಮಳೆಯಲ್ಲ, ಮೇಲಿನ ಮನೆಯವರ ಎಸಿಯಿಂದ ಇಳಿದ ನೀರು. ಬೂಟು ಒಣಗಿಸುವುದು ಬರೀ ಬಿಸಿಯಲ್ಲ, ಗಾಳಿಯಲ್ಲಿ ಇನ್ನಷ್ಟು ನೀರಿಗೆ ಜಾಗ ಇದೆಯೇ ಎಂಬುದು ಮುಖ್ಯ. ಸೆಪ್ಟೆಂಬರಿನ ದೋಹಾ ರಾತ್ರಿಯ ಗಾಳಿಯಲ್ಲಿ ಆ ಜಾಗ ಇರುವುದಿಲ್ಲ. ಜುಲೈನ ಆಗುಂಬೆಯಲ್ಲೂ ಇರುವುದಿಲ್ಲ. ನೂರು ಪಟ್ಟು ಮಳೆಯ ಅಂತರವಿದ್ದರೂ ಎರಡೂ ಊರಿನ ಬೂಟಿನ ಗತಿ ಒಂದೇ!

ನಾಲ್ವರು ಬ್ರಹ್ಮಚಾರಿಗಳ ಸಂಶೋಧನೆ ಶುರುವಾಯಿತು. ಒಬ್ಬ ಹೇರ್ ಡ್ರೈಯರ್ ತಂದ. ಅದು ಬೂಟನ್ನು ಒಣಗಿಸುವ ಮೊದಲು ತಾನೇ ಸುಟ್ಟುಹೋಯಿತು. ಇನ್ನೊಬ್ಬ ಕಿಟಕಿ ಎಸಿಯ ಹಿಂಭಾಗದ ಬಿಸಿಗಾಳಿಗೆ ದಾರ ಕಟ್ಟಿ ತೂಗುಬಿಟ್ಟ. ದಾರ ಕಡಿದು ಒಂದು ಕಾಲಿನ ಬೂಟು ಕೆಳಗೆ ಕೆಫೆಟೇರಿಯಾದ ತಗಡಿನ ಮೇಲೆ ಬಿತ್ತು. ನಾನು ಎಲ್ಲರಿಗಿಂತ ಜಾಣ. ಒಂದು ಶುಕ್ರವಾರ ಬೆಳಗ್ಗೆ ಬೂಟನ್ನು ತಾರಸಿಗೆ ಒಯ್ದು ನೆತ್ತಿಯ ಬಿಸಿಲಿಗೆ ಇಟ್ಟುಬಂದೆ. ಸಂಜೆ ನೋಡಿದರೆ ಗರಿಗರಿಯಾಗಿ ಒಣಗಿತ್ತು, ನಿಜ. ಆದರೆ ಬಿಸಿಗೆ ಅಂಟು ಬಿಟ್ಟು ಅಟ್ಟೆ ಮೊಸಳೆಯ ಹಾಗೆ ಬಾಯಿ ತೆರೆದಿತ್ತು. ಚರ್ಮ ಸೆಟೆದು ಹಪ್ಪಳವಾಗಿತ್ತು. ಮುಂದಿನ ಜೊತೆ ಸಿಗುವವರೆಗೆ ಹಗ್ಗ ಸುತ್ತಿಕೊಂಡು ಓಡಾಡಿದೆ.

ಹೊಸ ಜೊತೆ ಬಂದ ಮೇಲೆ ಬುದ್ಧಿ ಬಂತು. ಎಸಿ ಓಡುವ ಕೋಣೆಯ ಒಳಗೇ ಇಟ್ಟು ಫ್ಯಾನು ತಿರುಗಿಸಿದೆ. ಎಸಿ ಗಾಳಿಯ ನೀರನ್ನು ಹಿಂಡಿ ಹೊರಗೆ ಹಾಕುತ್ತದಲ್ಲ, ಅದೇ ಒಣ ಗಾಳಿ ಬೂಟಿನೊಳಗೆ ಹೋಗಲಿ ಎಂದು. ಒಣಗಿತು. ಆದರೆ ಹೊಂಡದ ಹತ್ತಿರದ ಶೆಡ್ಡಿನಲ್ಲಿ ಎರಡು ತಾಸು ಇಟ್ಟರೆ, ಯಾರೂ ಹಾಕಿಕೊಳ್ಳದಿದ್ದರೂ, ಮತ್ತೆ ತಾನಾಗಿ ಒದ್ದೆ. ಮೇಲೆ ನೋಡಿದರೆ ಹಾವು ಹರಿದಂಥ ಬಿಳಿ ಗೆರೆಗಳು.

ನಮ್ಮ ಫೋರ್‌ಮನ್ ಮಲ್ಪೆ ಕಡೆಯ ಹಿರಿಯರು. ದೋಣಿ, ಬಲೆಗಳ ನಡುವೆ ಬೆಳೆದವರು. ನನ್ನ ಪಾಡು ನೋಡಿ ಒಂದು ದಿನ ಅಂದರು, "ನೀವು ಒಣಗಿಸ್ತಾ ಇರುವುದು ಉಪ್ಪನ್ನು ಮಾರಾಯ್ರೇ, ಬೂಟನ್ನಲ್ಲ. ಮೊದಲು ಸಿಹಿನೀರಲ್ಲಿ ತೊಳೀರಿ."

ಒದ್ದೆ ಬೂಟನ್ನು ಒಣಗಿಸಲು ಮೊದಲು ಇನ್ನಷ್ಟು ಒದ್ದೆ ಮಾಡಬೇಕು! ಎಂಜಿನಿಯರಿಂಗ್ ಓದಿದ ನನಗೆ ಹೊಳೆಯದ ಮಾತು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುವುದನ್ನು ನೋಡದ ಕನ್ನಡಿಗರಿಲ್ಲ. ಗಾಳಿಯ ತೇವ ಶೇಕಡಾ 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗತೊಡಗುತ್ತದೆ. ಹೊಂಡದ ನೀರಿನ ಉಪ್ಪು, ಬೆವರಿನ ಉಪ್ಪು ಎಲ್ಲ ನನ್ನ ಬೂಟಿನ ಚರ್ಮದಲ್ಲಿ ಕೂತು ಅದನ್ನೇ ಮಾಡುತ್ತಿದ್ದವು. ಅಂದು ಸಂಜೆ ಎರಡು ಬಕೆಟ್ ಸಿಹಿನೀರಿನಲ್ಲಿ ಜಾಲಾಡಿಸಿ ಫ್ಯಾನಿನ ಮುಂದೆ ಇಟ್ಟೆ. ಆಮೇಲೆ ಆ ಬಿಳಿ ಗೆರೆ ಮತ್ತೆ ಕಾಣಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ಇದು ಬರೀ ಗೃಹೋಪಯೋಗಿ ಸಲಹೆಯಾಗುತ್ತಿತ್ತು. ಮುಂದಿನದನ್ನು ಬರೆಯಲು ಸ್ವಲ್ಪ ಮುಜುಗರವಿದೆ.

2007ರಲ್ಲಿ ಇಲ್ಲಿನ ಸರ್ಕಾರ ಬೇಸಿಗೆಯ ಮಧ್ಯಾಹ್ನ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂದು ಆಜ್ಞೆ ಹೊರಡಿಸಿತು. ಜೂನ್ 15ರಿಂದ ಆಗಸ್ಟ್ 31ರವರೆಗೆ, ಹನ್ನೊಂದೂವರೆಯಿಂದ ಮೂರು ಗಂಟೆಯ ತನಕ. 2021ರಲ್ಲಿ ಅದನ್ನು ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ, ಬೆಳಗ್ಗೆ ಹತ್ತರಿಂದ ಮೂರೂವರೆಗೆ ವಿಸ್ತರಿಸಿದರು. ಒಳ್ಳೆಯ ನಿಯಮ. ಆದರೆ ದಿನವನ್ನು ಎರಡು ತುಂಡು ಮಾಡಿದಾಗ ಒದ್ದೆ ಬೂಟಿನಲ್ಲಿ ಕಾಲು ಎರಡು ಸಲ ತೂರಬೇಕು ಎಂಬುದು ನಮ್ಮಂಥ ಮೇಲಿನವರಿಗೆ ಹೊಳೆದಿರಲಿಲ್ಲ.

2008ರ ಆಗಸ್ಟ್. ಮಧ್ಯಾಹ್ನದ ಬಿಡುವು ಮುಗಿದು ಎಲ್ಲರೂ ಹೊಂಡಕ್ಕೆ ಇಳಿಯುತ್ತಿದ್ದರು. ರಾಯಚೂರು ಕಡೆಯ ಒಬ್ಬ ಹುಡುಗ, ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು, ರಬ್ಬರ್ ಚಪ್ಪಲಿಯಲ್ಲಿ ಬಂದ. ಸೈಟಿನಲ್ಲಿ ಚಪ್ಪಲಿ ನಿಷಿದ್ಧ.

"ಬೂಟ್ ಎಲ್ಲಪ್ಪ?" ಎಂದೆ.

"ಹಸಿ ಅದಾವ್ರೀ ಸರ್. ರಾತ್ರಿ ಪೂರಾ ಇಟ್ಟಿದ್ದೆ, ಒಣಗವಲ್ವು."

"ಹಸಿಯಾಗಿದ್ರೂ ಹಾಕ್ಕೋಬೇಕು. ಮೊಳೆ ಚುಚ್ಚಿದ್ರೆ ಯಾರು ಹೊಣೆ?"

ಮರುಮಾತಾಡದೆ ಹಿಂದಕ್ಕೆ ಹೋಗಿ ಹಾಕಿಕೊಂಡು ಬಂದ. ನಿಯಮದ ಪ್ರಕಾರ ನಾನು ಹೇಳಿದ್ದು ಸರಿ. ಅವನ ಕ್ಯಾಂಪಿನ ಕೋಣೆಯಲ್ಲಿ ಎಷ್ಟು ಜನ, ಅಷ್ಟು ಬೂಟುಗಳನ್ನು ಎಲ್ಲಿ ಇಡುತ್ತಾರೆ, ಫ್ಯಾನು ಇದೆಯೇ, ಇದ್ದರೆ ಅದು ಮಲಗುವವರಿಗೋ ಬೂಟಿಗೋ ಎಂದೆಲ್ಲ ಕೇಳಬೇಕೆಂದು ನನಗೆ ತೋಚಲಿಲ್ಲ. ನನ್ನ ಸ್ವಂತ ಬೂಟು ಒಣಗಿಸಲು ಎರಡು ವರ್ಷ ಪಟ್ಟ ಪಾಡು ನೆನಪಾಗಲೂ ಇಲ್ಲ.

ಹತ್ತು ದಿನ ಕಳೆದು ಅವನು ಕುಂಟುತ್ತಿರುವುದನ್ನು ಫೋರ್‌ಮನ್ ನೋಡಿ ಕೂರಿಸಿ ಬೂಟು ಬಿಚ್ಚಿಸಿದರು. ನಾನೂ ಪಕ್ಕದಲ್ಲಿದ್ದೆ. ಪಾದ ಬೆಳ್ಳಗೆ ಸುಕ್ಕುಗಟ್ಟಿ ನೀರು ತಿಂದಿತ್ತು. ಬೆರಳ ಸಂದಿಗಳು ಬಿರಿದು ಕೀವಾಗಿದ್ದವು. ಒಂದು ಕಾಲು ಗಂಟಿನವರೆಗೆ ಕೆಂಪಗೆ ಊದಿತ್ತು, ಮೈ ಸುಡುತ್ತಿತ್ತು. ಸಂಬಳ ಕಡಿದಾರು ಎಂದು ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಕೆಲವು ದಿನ, ಆಮೇಲೆ ತಿಂಗಳೊಪ್ಪತ್ತು ಕೂತು ಮಾಡುವ ಕೆಲಸ. ಕಾಲು ಉಳಿಯಿತು. ಇನ್ನೊಂದು ವಾರ ತಡವಾಗಿದ್ದರೆ ಏನಾಗುತ್ತಿತ್ತೋ. ನೋಡಲು ಹೋದಾಗ ಅವನೇ ನನಗೆ ಸಮಾಧಾನ ಹೇಳಿದ. "ನೀವ್ ಅಂದದ್ದು ಖರೇನ ಐತ್ರಿ ಸರ್. ಮೊಳಿ ಚುಚ್ಚತಿತ್ತು." ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಆಮೇಲೆ ಓದಿ ತಿಳಿದೆ. ಇದು ಹೊಸ ಕಾಯಿಲೆಯಲ್ಲ. ಮೊದಲ ಮಹಾಯುದ್ಧದಲ್ಲಿ, 1914ರ ಚಳಿಗಾಲದಿಂದಲೇ, ನೀರು ನಿಂತ ಕಂದಕಗಳಲ್ಲಿ ದಿನಗಟ್ಟಲೆ ನಿಂತ ಸಾವಿರಾರು ಸೈನಿಕರ ಕಾಲು ಹೀಗೆಯೇ ಹಾಳಾಯಿತು. ನಮ್ಮ ದೇಶದ ಸಿಪಾಯಿಗಳೂ ಆ ಕೆಸರಿನಲ್ಲಿದ್ದರು. ಕೊನೆಗೆ ಬ್ರಿಟಿಷ್ ಸೈನ್ಯ ಕಂಡುಕೊಂಡ ಮದ್ದು ಬಹಳ ಸರಳ. ಕಾಲು ಒರೆಸಿ, ತಿಮಿಂಗಿಲದ ಎಣ್ಣೆ ತಿಕ್ಕಿ, ಒಣ ಕಾಲುಚೀಲ ಹಾಕುವುದು. ಇಬ್ಬಿಬ್ಬರನ್ನು ಜೋಡಿ ಮಾಡಿ ಒಬ್ಬನ ಕಾಲನ್ನು ಇನ್ನೊಬ್ಬ ನೋಡಬೇಕೆಂದೂ, ಸೈನಿಕರ ಕಾಲಿಗೆ ಅವರ ಅಧಿಕಾರಿಯೇ ಹೊಣೆಯೆಂದೂ ಮಾಡಿದರು. ವಿಯೆಟ್ನಾಂ ಕಾಲಕ್ಕೆ ಅಮೆರಿಕದವರು ಬೂಟಿನ ಪಕ್ಕಕ್ಕೆ ನೀರು ಬಸಿಯುವ ತೂತುಗಳನ್ನೇ ಇಟ್ಟರು. "ಯಾರು ಹೊಣೆ" ಎಂದು ಆ ಹುಡುಗನನ್ನು ಕೇಳಿದ್ದೆನಲ್ಲ, ಉತ್ತರ ನನಗೆ ಆಗ ಸಿಕ್ಕಿತು.

ಸೈಟಿನ ವಿಶ್ರಾಂತಿ ಶೆಡ್ಡಿನಲ್ಲಿ ಸಾರುವೆಯ ಹಲಗೆಗಳಿಂದ ಒಂದು ಅಟ್ಟಣೆ ಮಾಡಿಸಿದೆವು. ಪ್ರತಿಯೊಬ್ಬರಿಗೂ ಒಂದು ನಂಬರು. ಹೊರಗೆ ಸಿಹಿನೀರಿನ ಡ್ರಮ್ಮು. ಎಲ್ಲರಿಗೂ ಎರಡನೇ ಜೊತೆ ಬೂಟು ಬೇಕೆಂದು ಬರೆದು ಕೊಟ್ಟೆ. ಮಂಜೂರಾಗಲು ಮೂರು ತಿಂಗಳು ಹಿಡಿಯಿತು. ಫ್ಯಾನು ಮಾತ್ರ ಮರುದಿನವೇ ಬಂತು, ಏಕೆಂದರೆ ಅದು ನಮ್ಮ ಮನೆಯದು. 2007ರಲ್ಲಿ ಮದುವೆಯಾಗಿ ಬಂದ ನನ್ನವಳಿಗೆ ಮೊದಲ ವರ್ಷದ ಸಂಸಾರದ ಸಾಮಾನಿನಲ್ಲಿ ಅದೊಂದು ಕಡಿಮೆಯಾಯಿತು. ವಿಷಯ ಕೇಳಿದ ಮೇಲೆ ಅವಳೇ ಬಟ್ಟೆ ಸುತ್ತಿ ಕೊಟ್ಟಳು.

ಮರುವರ್ಷ, 2009ರ ಜುಲೈನಲ್ಲಿ, ರಜೆಗೆ ಊರಿಗೆ ಹೋದೆವು. ಬಿಡದ ಮಳೆ. ಅಪ್ಪ ಲೈನ್‌ಮನ್ ಆಗಿದ್ದವರು, ಆಗ ನಿವೃತ್ತರು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯದ ದಿನವೇ ಇರುತ್ತಿರಲಿಲ್ಲ. ಕಂಬಳಿ ಹೊದ್ದು, ಉಂಬಳಗಳಿಗೆ ರಕ್ತ ಕೊಡುತ್ತಾ, ಬೆಳಗಿನಿಂದ ಕತ್ತಲೆಯವರೆಗೆ ಕಾಡಿನ ದಾರಿ. ತೀರ್ಥಹಳ್ಳಿಯಿಂದ ತಂದ ಒಂದೇ ಜೊತೆ ಚರ್ಮದ ಬೂಟು. ರಾತ್ರಿ ಅಮ್ಮ ಅದರೊಳಗೆ ಬೆಚ್ಚಗೆ ಮಾಡಿದ ಭತ್ತದ ಉಮಿ ತುಂಬುತ್ತಿದ್ದಳು. ಅಪ್ಪನ ಅಂಗಾಲಿಗೆ ಮದರಂಗಿ ಅರೆದು ಮೆತ್ತುತ್ತಿದ್ದಳು. ನೀರು ತಿಂದ ಕಾಲಿಗೆ ಅದೇ ಔಷಧ. ದೀಪದ ಬೆಳಕಿನಲ್ಲಿ ಕೆಂಪಾದ ಆ ಪಾದ ನೋಡಿ "ಅಪ್ಪ ಮದುಮಗಳು" ಎಂದು ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. ಅಪ್ಪನೂ ನಗುತ್ತಿದ್ದರು.

ರಾಯಚೂರಿನ ಹುಡುಗನ ಕಥೆಯನ್ನು ಅಪ್ಪನಿಗೆ ಹೇಳಿದೆ. ಸುಮ್ಮನೆ ಕೇಳಿ ಕಾಲು ಮುಂದೆ ಚಾಚಿದರು. ಎರಡು ಬೆರಳುಗಳಿಗೆ ಉಗುರೇ ಇರಲಿಲ್ಲ. ಸಂದಿಗಳಲ್ಲಿ ಹಳೆಯ ಗಾಯದ ಕಲೆ. ಅದೇ ಮನೆಯಲ್ಲಿ ಹದಿನೆಂಟು ವರ್ಷ ಬೆಳೆದ ನಾನು ಅದನ್ನು ನೋಡಿದ್ದು ಅಂದೇ ಮೊದಲು.

"ಬಚ್ಚಲ ಒಲೆ ಮೇಲೆ ಇಟ್ಟಿದ್ರೆ ಚೆನ್ನಾಗಿ ಒಣಗ್ತಿತ್ತಲ್ಲ ಅಪ್ಪ, ಯಾಕೆ ಇಡ್ತಿರಲಿಲ್ಲ?" ಎಂದೆ.

"ಒಂದ್ಸಲ ಇಟ್ಟೆ, ಚರ್ಮ ಸೀಳಿತು" ಎಂದರು. ಸ್ವಲ್ಪ ತಡೆದು, "ಕೆಳಗೆ ಮೆಟ್ಟಿಲ ಮೇಲೆ ಬೆಚ್ಚಗೆ ಜಾಗ ಇತ್ತು. ಆದರೆ ಅಲ್ಲಿ ನಿನ್ನ ಶಾಲೆಯ ಕ್ಯಾನ್‌ವಾಸ್ ಶೂ ಇಡ್ತಿದ್ವಲ್ಲ" ಎಂದರು.

ಹೌದು. ಹೈಸ್ಕೂಲಿನ ಮೂರು ವರ್ಷ, ಎಂಥ ಮಳೆಯಲ್ಲೂ, ಬೆಳಗ್ಗೆ ನನ್ನ ಬಿಳಿ ಶೂ ಬೆಚ್ಚಗೆ ಒಣಗಿರುತ್ತಿತ್ತು. ಅದು ಹೇಗೆ ಒಣಗುತ್ತದೆಂದು ನಾನು ಯಾವತ್ತೂ ಕೇಳಿರಲಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಕ್ರಮವನ್ನೂ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಲೇಸು ಬಿಚ್ಚಿ, ನಾಲಿಗೆ ಎಳೆದು, ಒಳಗಿನ ಮೆತ್ತೆಯನ್ನು ಹೊರತೆಗೆದು ಬೇರೆಯಾಗಿ ಇಡಿ. ಉಪ್ಪುನೀರು ಅಥವಾ ಬೆವರಾದರೆ ಮೊದಲು ಸಿಹಿನೀರಿನಲ್ಲಿ ತೊಳೆಯಿರಿ. ಹಳೆಯ ಟವೆಲ್ಲಿನಿಂದ ಒತ್ತಿ ಒರೆಸಿ. ಒಳಗೆ ಕಾಗದ ತುಂಬಿ, ಒಂದು ಗಂಟೆಯ ನಂತರ ಬದಲಿಸಿ, ಮಲಗುವ ಮುನ್ನ ತೆಗೆದುಬಿಡಿ. ಎಸಿ ಕೋಣೆಯಲ್ಲಿ ಫ್ಯಾನಿನ ಗಾಳಿ ಬೂಟಿನ ಬಾಯಿಗೆ ಬೀಳುವಂತೆ ಮಗ್ಗುಲಾಗಿಸಿ. ಬಿಸಿಲು, ಹೀಟರು, ಒಲೆ ಬೇಡ. ಸಾಧ್ಯವಾದರೆ ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ. ಮಧ್ಯಾಹ್ನ ಕಾಲುಚೀಲ ಬದಲಿಸಿ, ಬೆರಳ ಸಂದಿ ಒರೆಸಿಕೊಳ್ಳಿ. ನವೆಂಬರ್ ಬಂದ ಮೇಲೆ ಒಣ ಗಾಳಿಯಿದ್ದ ದಿನ ಬಾಲ್ಕನಿಯ ನೆರಳೇ ಸಾಕು.

ಕಾಗದದ ವಿಷಯದಲ್ಲಿ ಮಾತ್ರ ನಮ್ಮಲ್ಲಿ ದೊಡ್ಡ ವಿವಾದ ನಡೆದಿದೆ. ಊರಿನಿಂದ ಹಪ್ಪಳ ಸುತ್ತಿ ಬಂದಿದ್ದ ಕನ್ನಡ ಪತ್ರಿಕೆಯನ್ನು ನಾನು ಒಮ್ಮೆ ಬೂಟಿಗೆ ತುರುಕಿದ್ದೆ. "ಸರಸ್ವತೀನ ಬೂಟಿನೊಳಗೆ ಹಾಕ್ತೀರಾ?" ಎಂದು ನನ್ನವಳು ಕಣ್ಣಿಗೊತ್ತಿಕೊಂಡು ತೆಗೆದಳು. ಅರಬ್ಬಿ ಪತ್ರಿಕೆಯಂತೂ ಮುಟ್ಟುವ ಹಾಗಿಲ್ಲ, ಅದರಲ್ಲಿ ದೇವರ ಹೆಸರಿರುತ್ತದೆ. ಸರಿ, ಗಲ್ಫ್ ಟೈಮ್ಸ್ ಆಗಬಹುದೇ ಎಂದೆ. "ಇಂಗ್ಲಿಷ್ ಅಕ್ಷರ ಅಕ್ಷರ ಅಲ್ವಾ?" ಎಂದಳು ಮಗಳು. ಅಂದಿನಿಂದ ಏನೂ ಅಚ್ಚಾಗದ ಪೊಟ್ಟಣದ ಕಾಗದ ಮತ್ತು ಅಡುಗೆಮನೆಯ ಟಿಶ್ಯೂ.

2018ರ ಅಕ್ಟೋಬರ್ 20 ನಿಮಗೆಲ್ಲ ನೆನಪಿರಬಹುದು. ಒಂದು ವರ್ಷದ ಮಳೆಯನ್ನು ಹೆಚ್ಚುಕಡಿಮೆ ಒಂದೇ ದಿನ ಸುರಿಸಿ ದೋಹಾ ಹೊಳೆಯಾದ ಶನಿವಾರ. ಕಟ್ಟಡದ ಮಕ್ಕಳೆಲ್ಲ ಬೀದಿಯ ನೀರಿನಲ್ಲಿ ಕುಣಿದು ಬಂದರು. ಸಂಜೆ ನಮ್ಮ ಬಾಗಿಲು ಬಡಿದ ಸದ್ದು. ಮೇಲಿನ ಮನೆಯ ಮಲಯಾಳಿ ಅಮ್ಮ, ಎದುರು ಮನೆಯ ಈಜಿಪ್ಟಿನವರು, ಕೆಳಗಿನ ವಾಚ್‌ಮನ್, ಎಲ್ಲರ ಕೈಯಲ್ಲೂ ತೊಟ್ಟಿಕ್ಕುವ ಶೂ. ಅಂದು ರಾತ್ರಿ ಹಾಲ್‌ನಲ್ಲಿ ಹದಿನಾಲ್ಕು ಜೊತೆ ಮಲಗಿದ್ದವು, ಮೂರು ಮನೆಯ ಫ್ಯಾನುಗಳು ತಿರುಗುತ್ತಿದ್ದವು. ಅಪ್ಪನಿಗೆ ಫೋನು ಮಾಡಿ ಹೇಳಿದೆ. "ವಾಚ್‌ಮನ್‌ದೂ ಇಟ್ಟಿಯೇನೋ?" ಎಂದು ಕೇಳಿದರು. ಇಟ್ಟಿದ್ದೇನೆ ಅಪ್ಪ, ಫ್ಯಾನಿನ ಎದುರಿಗೇ, ಎಂದೆ.

ಬಿನ್ ಮಹಮೂದ್ ಕಡೆ ಬಂದರೆ ಮನೆಗೆ ಬನ್ನಿ. ಬಿಸಿ ಕಾಫಿ ಖಂಡಿತ. ಬೂಟು ಒದ್ದೆಯಾಗಿದ್ದರೂ ಸಂಕೋಚ ಬೇಡ, ಬಾಗಿಲ ಹೊರಗೆ ಬಿಡದೆ ಒಳಗೇ ತನ್ನಿ.